ಗುರ್ಕಾರರ ಪುಸ್ತಕ

ಮಂಗಳೂರು ಕಡೆಯ ಕೆಥೋಲಿಕರಲ್ಲಿ ಚರ್ಚಿನ ವ್ಯಾಪ್ತಿಯನ್ನು ವಾಳೆಗಳಾಗಿ ಹಂಚಿ, ಪ್ರತಿ ವಾಳೆಗೂ ಒಬ್ಬರನ್ನು ಗುರ್ಕಾರರನ್ನಾಗಿ, ಅಂದರೆ ಮುಖಂಡರನ್ನಾಗಿ, ಮಾಡುವುದು ಹಳೆಯ ರೂಢಿ. ಮದುವೆ, ಸಾವು, ಬೇಲಿ ಜಗಳ ಎಲ್ಲಕ್ಕೂ ಅವರೇ ಬೇಕಿತ್ತು. ನೇತ್ರಾವತಿ ದಂಡೆಯ ನಮ್ಮ ವಾಳೆಗೆ ಅಜ್ಜನೇ ಗುರ್ಕಾರರಾಗಿದ್ದರು.

1974ರ ನೆರೆ ಬಂಟ್ವಾಳದ ಪೇಟೆಗೆ ನುಗ್ಗಿದಾಗ ಅಜ್ಜ ಮೊದಲು ತಡಕಾಡಿದ್ದು ಟಾರ್ಚಿಗಲ್ಲ, ವಂತಿಗೆ ಬರೆದಿಡುವ ಉದ್ದ ಪುಸ್ತಕಕ್ಕೆ. ಯಾರ ಮನೆಯಲ್ಲಿ ಹಾಸಿಗೆ ಹಿಡಿದವರು, ಎಲ್ಲಿ ಬಾಣಂತಿ ಎಂಬುದೆಲ್ಲ ಅದರ ಅಂಚಿನಲ್ಲಿ ಪೆನ್ಸಿಲಿನಲ್ಲಿತ್ತು. ಜನರನ್ನು ಕರೆತರಲು ದೋಣಿ ಹೋದದ್ದು ಆ ಕ್ರಮದಲ್ಲೇ. ಬಂದವರಿಗೆ ಚರ್ಚಿನ ಜಗಲಿಯಲ್ಲಿ ಕುಚ್ಚಲಕ್ಕಿ ಗಂಜಿ, ಮಾವಿನ ಉಪ್ಪಿನಕಾಯಿ. ಪಕ್ಕದ ಬ್ಯಾರಿ ಮುಸ್ಲಿಮರ ಮನೆ ಪುಸ್ತಕದಲ್ಲಿರಲಿಲ್ಲ; ಅಜ್ಜ ಅದನ್ನು ಕೊನೆಯ ಪುಟದಲ್ಲಿ ಬರೆದುಕೊಂಡು ಮತ್ತೆ ದೋಣಿ ಹತ್ತಿದರು.