ಖಂಡಸ್ಫುಟಿತ ಜೀರ್ಣೋದ್ಧಾರ

ಜಯನಗರದ ಕಾಲೇಜಿನಲ್ಲಿ ಶಾಸನಪಾಠ ಮಾಡುವಾಗ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಮಾತು ಬಂದರೆ ನಾನು ತುಸು ನಿಲ್ಲುತ್ತೇನೆ. ಒಡೆದುದನ್ನು, ಬಿರಿದುದನ್ನು, ಹಳತಾದುದನ್ನು ಸರಿಪಡಿಸುವುದೆಂದು ಅದರ ಅರ್ಥ. ದೇಗುಲ ಕಟ್ಟಿಸಿದವರು ನೈವೇದ್ಯ, ದೀಪಗಳ ಜೊತೆಗೆ ಇದಕ್ಕೂ ಭೂಮಿಯನ್ನು ದತ್ತಿ ಬಿಡುತ್ತಿದ್ದರು. ಕಟ್ಟಿದಾಗಲೇ ಬಿರುಕಿನ ಯೋಚನೆ!

“ಸರ್, ಇದು ಗುಡಿಗೆ ಮಾತ್ರವೇ?” ಎಂದು ವಿದ್ಯಾರ್ಥಿಯೊಬ್ಬ ಕೇಳಿದ. ನನಗೆ ಬೆಳಗಾವಿಯ ವಿಮಾನ ನೆನಪಾಯಿತು.

2023ರ ಮೇ 30ರಂದು ಸಾಂಬ್ರಾ ನಿಲ್ದಾಣದಿಂದ ಹಾರಿದ ಎರಡು ಆಸನಗಳ ತರಬೇತಿ ವಿಮಾನವೊಂದು ತಾಂತ್ರಿಕ ದೋಷದಿಂದ ಹೊನ್ನಿಹಾಳದ ಬಳಿ ಹೊಲಕ್ಕಿಳಿಯಿತು. ಕಲಿಸುವವರೂ ಕಲಿಯುವವರೂ ಸಣ್ಣಪುಟ್ಟ ಗಾಯಗಳೊಡನೆ ಪಾರಾದರು. ಅಷ್ಟಕ್ಕೇ ಕಥೆ ಮುಗಿಯಲಿಲ್ಲ. ಅದೇ ಸಂಸ್ಥೆಯ ವಿಮಾನಗಳು ಅಕ್ಟೋಬರ್ 19 ಮತ್ತು 22ರಂದು ಮಹಾರಾಷ್ಟ್ರದ ಬಾರಾಮತಿಯಲ್ಲಿ ಅಪಘಾತಕ್ಕೀಡಾದವು. ಆರು ತಿಂಗಳಲ್ಲಿ ಐದು ಅವಘಡ! ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು ನಿರ್ವಹಣೆಯ ಲೋಪದತ್ತ ಬೆರಳು ತೋರಿ, ಆ ಶಾಲೆಯ ಹಾರಾಟವನ್ನೇ ಕೆಲಕಾಲ ನಿಲ್ಲಿಸಿತು.

ಚಿಕ್ಕ ವಿಮಾನವಾದರೂ ಇಂತಿಷ್ಟು ಗಂಟೆ ಹಾರಿದೊಡನೆ ಅದನ್ನು ತೆರೆದು ಪರೀಕ್ಷಿಸಬೇಕು. ಪರೀಕ್ಷಿಸಿದವನು ದಾಖಲೆಯಲ್ಲಿ ಸಹಿ ಹಾಕಬೇಕು. ಆ ಸಹಿಯೊಂದನ್ನು ನಂಬಿಯೇ ಇಪ್ಪತ್ತರ ಹುಡುಗ ಮೊದಲ ಸಲ ಒಂಟಿಯಾಗಿ ಆಕಾಶಕ್ಕೇರುತ್ತಾನೆ. ಕೊಳ್ಳುವಾಗಿನ ಸಂಭ್ರಮ ನಮಗೆ ಕಾಪಾಡುವಾಗ ಇರುವುದಿಲ್ಲ. ನಟ್ಟು ಬಿಗಿಮಾಡಿದವನ ಹೆಸರು ಯಾವ ಸಮಾರಂಭದಲ್ಲೂ ಕೇಳಿಬರದು.

ಶಾಸನ ಬರೆಸಿದವರು ಮುಂದಿನವರ ಒಳ್ಳೆಯತನವನ್ನಷ್ಟೇ ನಂಬಿ ಕೂರಲಿಲ್ಲ. ದುರಸ್ತಿಗೆಂದೇ ಹೊಲ ಬಿಟ್ಟರು, ಕಲ್ಲಿನಲ್ಲಿ ಕೊರೆಸಿದರು.

“ಗುಡಿಗೆ ಮಾತ್ರವಲ್ಲಪ್ಪ, ಜೀವ ಹೊತ್ತು ನಡೆಯುವುದಕ್ಕೆಲ್ಲ” ಎಂದೆ. ಹುಡುಗ ಅದನ್ನು ಬರೆದುಕೊಂಡ.