ಲೋಹ ಹಿಡಿಯುವ ಗೊಬ್ಬರ

ಕಬ್ಬು ನುರಿಸುವ ಹಂಗಾಮು ಬಂತೆಂದರೆ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯ ಸಕ್ಕರೆ ಕಾರ್ಖಾನೆಗಳ ಹಿತ್ತಲಲ್ಲಿ, ಕಬ್ಬಿನ ಹಾಲು ಸೋಸಿದಾಗ ಉಳಿಯುವ ಕೆಸರು, ಪ್ರೆಸ್‌ಮಡ್, ಗುಡ್ಡೆ ಬೀಳುತ್ತದೆ. ನುರಿಸಿದ ಕಬ್ಬಿನ ತೂಕದಲ್ಲಿ ಅದು ಸುಮಾರು ಶೇ. 3ರಿಂದ 4. ಡಿಸ್ಟಿಲರಿ ಇದ್ದ ಕಡೆ ಅಲ್ಲಿನ ತ್ಯಾಜ್ಯ ದ್ರವವಾದ ಸ್ಪೆಂಟ್‌ವಾಶ್ ಅನ್ನು ಅದರ ಮೇಲೆ ಸುರಿದು, ಮಗುಚಿ, ಕೊಳೆಸಿ ಗೊಬ್ಬರ ಮಾಡುತ್ತಾರೆ. ನೀರಿನಲ್ಲಿ ಕರಗಿದ ಸೀಸ, ತಾಮ್ರ, ಕ್ಯಾಡ್ಮಿಯಂಗಳನ್ನು ಎಳೆದುಕೊಳ್ಳುವ ಗುಣವೂ ಇಂಥ ಗೊಬ್ಬರಕ್ಕಿದೆ.

ಗೊಬ್ಬರದ ವಿಜ್ಞಾನ ಹುಟ್ಟಿದ್ದು ಮಣ್ಣಿಗಾಗಿ. ಆಲ್ಬರ್ಟ್ ಹೊವಾರ್ಡ್ 1931ರಲ್ಲಿ ಇಂದೋರ್ ವಿಧಾನವನ್ನು ಪುಸ್ತಕವಾಗಿಸಿದರು. 1939ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಸಿ.ಎನ್. ಆಚಾರ್ಯ ಬೆಂಗಳೂರು ವಿಧಾನ ರೂಪಿಸಿದರು. ಆಗ ಎಲ್ಲರ ಲೆಕ್ಕವೂ ಸಾರಜನಕದ್ದೇ. ಆದರೆ ಕಳಿತ ಗೊಬ್ಬರದ ಹ್ಯೂಮಿಕ್ ಆಮ್ಲಗಳಲ್ಲಿ ಋಣವಿದ್ಯುದಂಶದ ಗುಂಪುಗಳು ಹೇರಳ. ಸುಣ್ಣ, ಪೊಟ್ಯಾಶ್ ಹಿಡಿದಿಡುವ ಆ ಜಾಗಗಳಲ್ಲೇ ಸೀಸ ಬಂದು ಕೂರುತ್ತದೆ, ಇನ್ನೂ ಬಿಗಿಯಾಗಿ. ಕಬ್ಬಿನ ಹಾಲು ತಿಳಿಗೊಳಿಸಲು ಹಾಕಿದ ಸುಣ್ಣ ಪ್ರೆಸ್‌ಮಡ್‌ನಲ್ಲಿ ಉಳಿದಿರುತ್ತದೆ. ಅದು ನೀರಿನ ಆಮ್ಲತೆ ತಗ್ಗಿಸಿದಂತೆ ಲೋಹ ಗಸಿಯಾಗಿಯೂ ಇಳಿಯುತ್ತದೆ.

ಗೊಬ್ಬರ ನೀರಿನ ಶುದ್ಧೀಕರಣಕ್ಕೆ ಬಳಕೆಯಾದ ದೊಡ್ಡ ಕಥೆ ಕೆನಡಾದ ಸಡ್ಬರಿ ಹತ್ತಿರದ ನಿಕಲ್ ರಿಮ್ ಗಣಿಯದು. ಗಣಿಯ ತ್ಯಾಜ್ಯದಿಂದ ಬಸಿದು ಬರುವ ಅಂತರ್ಜಲಕ್ಕೆ ಅಡ್ಡಲಾಗಿ 1995ರಲ್ಲಿ ಗೊಬ್ಬರ, ಎಲೆಗಸ, ಮರದ ಚೂರು ತುಂಬಿದ ಗೋಡೆಯನ್ನು ಹೂತರು. ಅಲ್ಲಿ ಬ್ಯಾಕ್ಟೀರಿಯಾಗಳು ಸಲ್ಫೇಟನ್ನು ಸಲ್ಫೈಡಾಗಿ ಬದಲಿಸಿದವು, ಲೋಹ ಅದರೊಡನೆ ಕೂಡಿ ಕೆಳಗೆ ಕುಳಿತಿತು. ಲೀಟರಿಗೆ 10 ಮಿಲಿಗ್ರಾಂವರೆಗೆ ಇದ್ದ ನಿಕಲ್ 0.1ಕ್ಕಿಂತ ಕೆಳಗಿಳಿಯಿತು. ನನಗೆ ಈ ಪ್ರಯೋಗ ದೊಡ್ಡದೆನಿಸುವುದು ಅದು ಪ್ರಯೋಗಾಲಯದ ಬಾಟಲಿಯಿಂದ ಹೊರಬಂದು ನೆಲದಲ್ಲೇ ನಡೆದದ್ದಕ್ಕೆ. 2002-03ರಲ್ಲಿ ಬ್ರೆಜಿಲ್ ಸಂಶೋಧಕರು ಎರೆಗೊಬ್ಬರದಿಂದ ಎಲೆಕ್ಟ್ರೋಪ್ಲೇಟಿಂಗ್ ತ್ಯಾಜ್ಯ ನೀರಿನ ತಾಮ್ರ, ಸತು, ನಿಕಲ್ ತೆಗೆದು ತೋರಿಸಿದರು. ಅದೇ ಹೊತ್ತಿಗೆ ನಮ್ಮ ರೂರ್ಕಿಯಲ್ಲಿ ವಿ.ಕೆ. ಗುಪ್ತ ಮತ್ತು ಸಂಗಡಿಗರು ಕಬ್ಬಿನ ಸಿಪ್ಪೆಯ ಹಾರುಬೂದಿಯಿಂದ ಕ್ಯಾಡ್ಮಿಯಂ, ನಿಕಲ್ ತೆಗೆದರು. ಅದು ಗೊಬ್ಬರವಲ್ಲ, ಆದರೂ ನಮ್ಮ ಕಾರ್ಖಾನೆಗಳ ಬಾಯ್ಲರಿನದೇ ವಸ್ತು.

ಆಮೇಲೆ ಬಂದ ಪ್ರಬಂಧಗಳು ಬಹಳ. ಹೆಚ್ಚಿನವು ಶುದ್ಧ ನೀರಿನಲ್ಲಿ ಒಂದೇ ಲೋಹ ಕರಗಿಸಿ ಅಳೆದವು. ನಮ್ಮ ಬೋರಿನ ಗಡಸು ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಅದೇ ಜಾಗಕ್ಕೆ ಪೈಪೋಟಿ ಮಾಡುತ್ತವೆ. ಗೊಬ್ಬರದಿಂದ ಕಂದು ಬಣ್ಣವೂ ನೈಟ್ರೇಟೂ ನೀರಿಗೆ ಬಿಡುತ್ತವೆ. ಹಾಗಾಗಿ ಸೀಸದ ಮಿತಿ ಲೀಟರಿಗೆ 0.01 ಮಿಲಿಗ್ರಾಂ ಇರುವ ಕುಡಿಯುವ ನೀರಿಗೆ ಇದನ್ನು ನೆಚ್ಚಬಾರದು, ಕಾರ್ಖಾನೆಯ ಹೊರನೀರಿಗೆ ನೆಚ್ಚಬಹುದು. ಇನ್ನು ಯಾದಗಿರಿ, ರಾಯಚೂರು ಕಡೆಯ ಆರ್ಸೆನಿಕ್‌ಗೆ ಇದು ಮದ್ದೇ ಅಲ್ಲ. ಆರ್ಸೆನಿಕ್ ನೀರಿನಲ್ಲಿ ಋಣ ಅಯಾನಾಗಿರುವುದೇ ಹೆಚ್ಚು, ಗೊಬ್ಬರದ ಋಣ ಗುಂಪುಗಳು ಅದನ್ನು ಹಿಡಿಯವು. ಗೊಬ್ಬರದ ರಂಜಕ ಅದನ್ನು ಮಣ್ಣಿನಿಂದ ಇನ್ನಷ್ಟು ಬಿಡಿಸಲೂಬಹುದು.

ಕಷ್ಟದ ಪ್ರಶ್ನೆ ಬೇರೆ: ಲೋಹ ಹಿಡಿದ ಗೊಬ್ಬರ ಎಲ್ಲಿಗೆ ಹೋಗಬೇಕು? ನಗರದ ಕಸದ ಗೊಬ್ಬರದಲ್ಲಿ ಕಿಲೋಗೆ 100 ಮಿಲಿಗ್ರಾಂ ಸೀಸ, 5 ಮಿಲಿಗ್ರಾಂ ಕ್ಯಾಡ್ಮಿಯಂ ಮೀರಬಾರದೆಂದು ರಸಗೊಬ್ಬರ ನಿಯಂತ್ರಣ ಆದೇಶ ಹೇಳುತ್ತದೆ. ಒಂದು ಕಿಲೋ ಗೊಬ್ಬರ ಒಂದೇ ಗ್ರಾಂ ಸೀಸ ಹಿಡಿದರೂ ಅದು ಮಿತಿಯ ಹತ್ತು ಪಟ್ಟು. ಸುಟ್ಟರೆ ಸೀಸ ಬೂದಿಯಲ್ಲಿ, ಹೊಗೆಯಲ್ಲಿ ಉಳಿಯುತ್ತದೆ. ಆಮ್ಲದಲ್ಲಿ ತೊಳೆದರೆ ಲೋಹ ಮತ್ತೆ ನೀರಿಗಿಳಿಯುತ್ತದೆ, ಆ ನೀರಿಗೂ ದಾರಿ ಬೇಕು. ಪ್ರಬಂಧಗಳು ಎಷ್ಟು ಹಿಡಿಯಿತು ಎಂದು ಬರೆದಷ್ಟು ವಿವರವಾಗಿ ಇದನ್ನು ಬರೆಯುವುದಿಲ್ಲ.

ನಮ್ಮ ಕಬ್ಬಿನ ಸೀಮೆಯಲ್ಲಿ ಗೊಬ್ಬರ ಬೇಕಾದಷ್ಟಿದೆ, ಲೋಹದ ನೀರು ಹೆಚ್ಚಿರುವುದು ಬೆಂಗಳೂರಿನ ಪೀಣ್ಯದಂಥ ಕೈಗಾರಿಕಾ ಪ್ರದೇಶಗಳಲ್ಲಿ. ಪ್ರೆಸ್‌ಮಡ್ ಗೊಬ್ಬರ ಅಲ್ಲಿಗೆ ಹೋಗುವುದಾದರೆ, ಬಳಸಿದ ಮೇಲೆ ಅದು ಅಪಾಯಕಾರಿ ತ್ಯಾಜ್ಯದ ಸುರಕ್ಷಿತ ಗುಂಡಿಗೇ ಸೇರುವ ಲಿಖಿತ ಏರ್ಪಾಟು ಮೊದಲೇ ಆಗಬೇಕು. ಹೊಲಕ್ಕೆ ಹೋಗುವ ಚೀಲ, ಟ್ರ್ಯಾಕ್ಟರು, ಅಂಗಳಗಳ ಹತ್ತಿರಕ್ಕೂ ಅದು ಬರಬಾರದು. ಘಟಪ್ರಭೆಯ ದಂಡೆಯ ಕಬ್ಬಿನ ಗದ್ದೆಗೆ ಒಮ್ಮೆ ಇಳಿದ ಕ್ಯಾಡ್ಮಿಯಂ ಅನ್ನು ರೈತ ಮರಳಿ ಆರಿಸಿ ತೆಗೆಯಲಾರ.