ಬೆಲೂಗ ತಿಮಿಂಗಿಲದ ಸೆರೆವಾಸವೂ ಸಂತಾನವೂ: ಉತ್ತರ ಅಮೆರಿಕೆಯ ಮತ್ಸ್ಯಾಲಯಗಳ ಚರಿತ್ರೆ

೧

ಉತ್ತರಧ್ರುವದ ಸುತ್ತಣ ಶೀತಸಮುದ್ರಗಳಲ್ಲಿ ವಾಸಿಸುವ ತಿಮಿಂಗಿಲಜಾತಿಗಳಲ್ಲಿ ಬೆಲೂಗವೆಂಬುದು ಒಂದು. ಬಿಳುಪೆಂಬ ಅರ್ಥವುಳ್ಳ ರಷ್ಯನ್ ಶಬ್ದದಿಂದ ಈ ಹೆಸರು ಹುಟ್ಟಿತು. ೧೭೭೬ರಲ್ಲಿ ಪಲ್ಲಾಸನೆಂಬ ಪ್ರಾಣಿಶಾಸ್ತ್ರಜ್ಞನು ಇದಕ್ಕೆ ಶಾಸ್ತ್ರೀಯವಾದ ನಾಮವನ್ನು ಕೊಟ್ಟನು. ಆಕಾರದಲ್ಲಿ ಮತ್ಸ್ಯವನ್ನು ಹೋತರೂ ಇದು ಮತ್ಸ್ಯವಲ್ಲ. ಶ್ವಾಸಕೋಶಗಳಿಂದ ಉಸಿರಾಡಿ, ಮರಿಯನ್ನು ಹೆತ್ತು, ಹಾಲೂಡಿ ಸಲಹುವ ಸಸ್ತನಿ. ಹುಟ್ಟುವಾಗ ಬೂದುಬಣ್ಣದ್ದಾಗಿದ್ದು ವಯಸ್ಸು ಏರಿದಂತೆ ಬಿಳುಪನ್ನು ತಾಳುತ್ತದೆ. ಇದರ ನಾನಾವಿಧವಾದ ಕೂಗುಗಳನ್ನು ಕೇಳಿದ ನಾವಿಕರು ಇದನ್ನು ಕಡಲಿನ ಕೆನರಿ ಹಕ್ಕಿಯೆಂದು ಕರೆದರು.

ಸಮುದ್ರದ ಈ ಪ್ರಾಣಿಯನ್ನು ಹಿಡಿದು ತಂದು ನಗರಗಳ ತೊಟ್ಟಿಗಳಲ್ಲಿ ಇಡುವ ಪದ್ಧತಿಯು ಉತ್ತರ ಅಮೆರಿಕೆಯಲ್ಲಿ ಆರಂಭವಾಗಿ ಒಂದೂವರೆ ಶತಮಾನವನ್ನು ಮೀರಿದೆ. ಮೊದಲ ನೂರು ವರ್ಷಗಳಲ್ಲಿ ಸತ್ತ ಪ್ರಾಣಿಯ ಸ್ಥಾನಕ್ಕೆ ಮತ್ತೊಂದನ್ನು ಸಮುದ್ರದಿಂದ ತರುವುದೇ ಕ್ರಮವಾಗಿತ್ತು. ಇಪ್ಪತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಆ ದಾರಿಯು ಮುಚ್ಚುತ್ತ ಬರಲು, ತೊಟ್ಟಿಯಲ್ಲಿಯೇ ಸಂತಾನವನ್ನು ಬೆಳೆಸಿ ಸಮುದ್ರದ ಹಂಗಿಲ್ಲದೆ ನಡೆಯಬಹುದೆಂಬ ಆಸೆಯು ಬಲವಾಯಿತು. ಆ ಆಸೆಯು ಎಷ್ಟರಮಟ್ಟಿಗೆ ಕೈಗೂಡಿತೆಂಬುದೇ ಈ ಚರಿತ್ರೆಯಲ್ಲಿ ವಿಚಾರಾರ್ಹವಾದ ವಿಷಯ.

೨

ನ್ಯೂಯಾರ್ಕಿನಲ್ಲಿ ‘ಅಮೆರಿಕನ್ ಮ್ಯೂಸಿಯಂ’ ಎಂಬ ಪ್ರದರ್ಶನಶಾಲೆಯನ್ನು ನಡೆಸುತ್ತಿದ್ದ ಪಿ. ಟಿ. ಬಾರ್ನಮನು ೧೮೬೧ರಲ್ಲಿ ಸೈಂಟ್ ಲಾರೆನ್ಸ್ ನದಿಯ ಮುಖದಲ್ಲಿ ಬೆಲೂಗಗಳನ್ನು ಹಿಡಿಸಿದನು. ಆ ನದಿಯಲ್ಲಿರುವ ಕೂದ್ರ್ ದ್ವೀಪದ ಫ್ರೆಂಚ್ ಭಾಷೆಯ ಬೆಸ್ತರಿಗೆ ಈ ಬೇಟೆಯು ಪರಂಪರೆಯಿಂದ ಬಂದದ್ದು. ಅವರು ಕೆಸರುನೆಲದಲ್ಲಿ ಉದ್ದವಾದ ಗಳುಗಳನ್ನು ಸಾಲಾಗಿ ನೆಟ್ಟು ದೊಡ್ಡದೊಂದು ದೊಡ್ಡಿಯನ್ನು ಕಟ್ಟುತ್ತಿದ್ದರು. ಭರತದ ನೀರಿನೊಡನೆ ಒಳಹೊಕ್ಕ ಪ್ರಾಣಿಗಳು ಇಳಿತದ ವೇಳೆಗೆ ಅಲ್ಲಿಯೇ ಸಿಕ್ಕಿಬೀಳುತ್ತಿದ್ದವು. ಹೀಗೆ ಸಿಕ್ಕಿದ ಎರಡು ಬೆಲೂಗಗಳನ್ನು ಕಡಲಪಾಚಿಯನ್ನು ಹಾಸಿದ ಪೆಟ್ಟಿಗೆಗಳಲ್ಲಿ ಮಲಗಿಸಿ ರೈಲುಗಾಡಿಯಲ್ಲಿ ನ್ಯೂಯಾರ್ಕಿಗೆ ಸಾಗಿಸಲಾಯಿತು. ಪ್ರದರ್ಶನಶಾಲೆಯ ನೆಲಮಾಳಿಗೆಯಲ್ಲಿ ಕಟ್ಟಿದ್ದ ತೊಟ್ಟಿಯಲ್ಲಿದ್ದುದು ಸಮುದ್ರದ ನೀರಲ್ಲ. ಗಾಳಿಯ ಸಂಚಾರವೂ ಅಲ್ಲಿ ಸಾಲದಾಗಿತ್ತು. ಕೆಲವೇ ದಿನಗಳಲ್ಲಿ ಎರಡೂ ಸತ್ತವು. ಬಾರ್ನಮನು ಕೊಲ್ಲಿಯಿಂದ ಕೊಳವೆಗಳ ಮೂಲಕ ಉಪ್ಪುನೀರನ್ನು ತರಿಸುವ ಏರ್ಪಾಡನ್ನು ಮಾಡಿ ಬೇರೆ ಪ್ರಾಣಿಗಳನ್ನು ಹಿಡಿಸಿ ತಂದನು. ೧೮೬೫ರ ಜುಲೈ ತಿಂಗಳಿನಲ್ಲಿ ಆ ಕಟ್ಟಡಕ್ಕೆ ಬೆಂಕಿ ಬಿದ್ದಾಗ ಅಲ್ಲಿದ್ದ ಎರಡು ಬೆಲೂಗಗಳೂ ನಾಶವಾದವು.

ಅದೇ ಕಾಲದಲ್ಲಿ ಬಾಸ್ಟನ್ ನಗರದ ಜಲಚರೋದ್ಯಾನದಲ್ಲಿಯೂ ಒಂದು ಬೆಲೂಗವಿದ್ದಿತು. ಅದು ಬಾರ್ನಮನ ಮೊದಲ ಜೋಡಿಗಿಂತ ಬಹಳ ಹೆಚ್ಚು ಕಾಲ ಬದುಕಿ, ತನ್ನ ಪಾಲಕನನ್ನು ಗುರುತಿಸುವುದನ್ನೂ ಮೈಗೆ ಹಗ್ಗ ಕಟ್ಟಿಸಿಕೊಂಡು ಸಣ್ಣ ದೋಣಿಯನ್ನು ಎಳೆಯುವುದನ್ನೂ ಕಲಿಯಿತು. ಹಾರ್ವರ್ಡಿನ ಅಂಗರಚನಾಶಾಸ್ತ್ರಜ್ಞನಾದ ಜೆಫ್ರೀಸ್ ವೈಮನನು ಈ ಪ್ರಾಣಿಯನ್ನು ಕುರಿತು ೧೮೬೩ರಲ್ಲಿ ಒಂದು ಲೇಖನವನ್ನು ಪ್ರಕಟಿಸಿದನು. ಹೀಗೆ ಪ್ರದರ್ಶನ, ಶಿಕ್ಷಣ, ಶಾಸ್ತ್ರಾಭ್ಯಾಸ ಎಂಬ ಮೂರು ಉದ್ದೇಶಗಳೂ ಆರಂಭದಿಂದಲೇ ಒಂದೇ ತೊಟ್ಟಿಯಲ್ಲಿ ಬೆರೆತಿದ್ದುದು ಕಂಡುಬರುತ್ತದೆ. ಪ್ರಾಣಿಯು ಎಲ್ಲಿಂದ ಬರಬೇಕೆಂಬ ಚಿಂತೆಯು ಮಾತ್ರ ಯಾರಿಗೂ ಇರಲಿಲ್ಲ. ಸಮುದ್ರವು ಅಕ್ಷಯವೆಂಬುದೇ ಅಂದಿನ ನಂಬಿಕೆ. ಆ ನಂಬಿಕೆಯ ಫಲವನ್ನು ಸೈಂಟ್ ಲಾರೆನ್ಸ್ ನದಿಯೇ ತೋರಿಸಿತು. ಬೇಟೆಯಿಂದ ಅಲ್ಲಿಯ ಬೆಲೂಗಗಳು ತೀರ ವಿರಳವಾಗಲು, ೧೯೭೯ರಲ್ಲಿ ಕೆನಡ ಸರ್ಕಾರವು ಅಲ್ಲಿ ಬೇಟೆಯನ್ನು ನಿಷೇಧಿಸಬೇಕಾಯಿತು.

೩

ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿ ದೊಡ್ಡ ದೊಡ್ಡ ಮತ್ಸ್ಯಾಲಯಗಳು ಕಟ್ಟಲ್ಪಟ್ಟ ಮೇಲೆ ಈ ಪದ್ಧತಿಗೆ ಹೊಸ ಚೈತನ್ಯ ಬಂದಿತು. ನ್ಯೂಯಾರ್ಕ್ ಮತ್ಸ್ಯಾಲಯವು ೧೯೬೧ರಲ್ಲಿ ಅಲಾಸ್ಕದ ಬ್ರಿಸ್ಟಲ್ ಕೊಲ್ಲಿಯಿಂದ ಬೆಲೂಗಗಳನ್ನು ತರಿಸಿತು. ೧೯೬೭ರಿಂದ ಕೆನಡದ ಹಡ್ಸನ್ ಕೊಲ್ಲಿಯ ತೀರದಲ್ಲಿರುವ ಚರ್ಚಿಲ್ ಎಂಬ ಊರು ಈ ಸಂಗ್ರಹಕ್ಕೆ ಮುಖ್ಯಸ್ಥಾನವಾಯಿತು. ಬೇಸಗೆಯಲ್ಲಿ ಸಾವಿರಾರು ಬೆಲೂಗಗಳು ಅಲ್ಲಿಯ ನದೀಮುಖಕ್ಕೆ ಬಂದು ಸೇರುತ್ತವೆ. ದೋಣಿಗಳಿಂದ ಅವನ್ನು ತಗ್ಗುನೀರಿಗೆ ಅಟ್ಟಿ, ಎಳೆಯ ವಯಸ್ಸಿನವನ್ನು ಆರಿಸಿ, ಹಗ್ಗದಿಂದ ಹಿಡಿಯುತ್ತಿದ್ದರು.

ಈ ಮಧ್ಯೆ ೧೯೭೨ರಲ್ಲಿ ಸಂಯುಕ್ತ ಸಂಸ್ಥಾನಗಳಲ್ಲಿ ಸಮುದ್ರಸಸ್ತನಿಗಳ ಸಂರಕ್ಷಣಾ ಶಾಸನವು ಅಂಗೀಕೃತವಾಗಿ, ಸರ್ಕಾರದ ಅಪ್ಪಣೆಯಿಲ್ಲದೆ ಇಂತಹ ಪ್ರಾಣಿಗಳನ್ನು ಹಿಡಿಯುವುದೂ ಹೊರದೇಶದಿಂದ ತರುವುದೂ ನಿಂತಿತು. ಕೆನಡದ ದ್ವಾರವು ಇನ್ನೂ ತೆರೆದಿತ್ತು. ೧೯೯೨ರಲ್ಲಿ ಷಿಕಾಗೋವಿನ ಷೆಡ್ ಮತ್ಸ್ಯಾಲಯಕ್ಕಾಗಿ ಚರ್ಚಿಲಿನಲ್ಲಿ ನಾಲ್ಕು ಬೆಲೂಗಗಳನ್ನು ಹಿಡಿಯಲಾಯಿತು. ಷಿಕಾಗೋ ಸೇರಿದ ಕೆಲವು ವಾರಗಳಲ್ಲಿಯೇ ಜಂತುನಾಶಕ್ಕಾಗಿ ಕೊಟ್ಟ ಔಷಧದ ಬೆನ್ನಹಿಂದೆ ಎರಡು ಪ್ರಾಣಿಗಳು ಸತ್ತವು. ಜನರಲ್ಲಿ ದೊಡ್ಡ ಆಕ್ಷೇಪವೆದ್ದಿತು. ಅದೇ ವರ್ಷದೊಡನೆ ಚರ್ಚಿಲಿನಲ್ಲಿ ಬೆಲೂಗಗಳನ್ನು ಹಿಡಿದು ಹೊರದೇಶಕ್ಕೆ ಕಳುಹಿಸುವ ವ್ಯವಹಾರವು ಕೊನೆಗೊಂಡಿತು.

೪

ಇನ್ನು ಸಂತಾನದ ವಿಚಾರ. ಈ ಪ್ರಾಣಿಯ ಗರ್ಭಧಾರಣೆಯ ಕಾಲವು ಸುಮಾರು ೧೫ ತಿಂಗಳು; ಒಂದು ಸೂಲಿಗೆ ಸಾಮಾನ್ಯವಾಗಿ ಒಂದೇ ಮರಿ; ಆ ಮರಿಯು ಸುಮಾರು ಎರಡು ವರ್ಷ ತಾಯಿಯ ಹಾಲನ್ನು ಕುಡಿಯುತ್ತದೆ. ಆದಕಾರಣ ಆರೋಗ್ಯವಂತವಾದ ಹೆಣ್ಣೂ ಸುಮಾರು ಮೂರು ವರ್ಷಗಳಿಗೊಂದು ಮರಿಯನ್ನು ಹೆರುತ್ತದೆಯಷ್ಟೆ. ಕೆಲವೇ ಹೆಣ್ಣುಗಳಿರುವ ಹಿಂಡಿನಲ್ಲಿ ಎರಡು ಮೂರು ಮರಿಗಳು ಅಕಾಲದಲ್ಲಿ ಸತ್ತರೆ ಆ ನಷ್ಟವನ್ನು ತುಂಬಲು ಹತ್ತಾರು ವರ್ಷಗಳು ಬೇಕಾಗುತ್ತವೆ.

ವ್ಯಾಂಕೂವರ್ ಮತ್ಸ್ಯಾಲಯದ ವೃತ್ತಾಂತವು ಇದಕ್ಕೆ ಸ್ಪಷ್ಟವಾದ ನಿದರ್ಶನ. ಕಾವ್ನಾ ಎಂಬ ಹೆಣ್ಣನ್ನು ೧೯೭೬ರಲ್ಲಿ ಹಿಡಿದಾಗ ಅದು ಗರ್ಭಿಣಿಯಾಗಿತ್ತು. ೧೯೭೭ರ ಜುಲೈ ತಿಂಗಳಿನಲ್ಲಿ ಅದು ಮರಿಯನ್ನು ಹೆತ್ತಿತು. ಮರಿಯು ನಾಲ್ಕು ತಿಂಗಳು ಮಾತ್ರ ಬದುಕಿತು. ಕಾವ್ನಾ ಮಾತ್ರ ದೀರ್ಘಕಾಲ ಜೀವಿಸಿ ೨೦೧೨ರಲ್ಲಿ ಸತ್ತಿತು. ಅದನ್ನು ಕಂಡು ಪ್ರೇರಿತನಾದ ರಾಫಿ ಎಂಬ ಗಾಯಕನು ೧೯೮೦ರಲ್ಲಿ ಹೊರತಂದ ಶಿಶುಗೀತೆಯು ಆ ಖಂಡದ ಮಕ್ಕಳಿಗೆಲ್ಲ ಬೆಲೂಗದ ಪರಿಚಯವನ್ನು ಮಾಡಿಕೊಟ್ಟಿತು. ಕೆನಡದ ಮತ್ಸ್ಯಾಲಯದಲ್ಲಿಯೇ ಗರ್ಭಧಾರಣೆಯಾಗಿ ಜನಿಸಿದ ಮೊದಲ ಬೆಲೂಗವೆಂದರೆ ಅದೇ ವ್ಯಾಂಕೂವರಿನಲ್ಲಿ ೧೯೯೫ರಲ್ಲಿ ಅರೋರಾ ಎಂಬ ತಾಯಿಗೆ ಹುಟ್ಟಿದ ಕೀಲಾ. ತರುವಾಯ ಅಲ್ಲಿ ೨೦೦೨, ೨೦೦೮, ೨೦೦೯ರಲ್ಲಿ ಮೂರು ಮರಿಗಳು ಹುಟ್ಟಿದವು. ಮೊದಲನೆಯದು ೨೦೦೫ರಲ್ಲಿಯೂ ಎರಡನೆಯದು ೨೦೧೧ರಲ್ಲಿಯೂ ಮೂರನೆಯದು ೨೦೧೦ರಲ್ಲಿಯೂ ಸತ್ತವು. ಕೊನೆಯ ಮರಿಯ ಶ್ವಾಸಮಾರ್ಗದಲ್ಲಿ ಕಲ್ಲುಗಳೂ ಒಂದು ನಾಣ್ಯವೂ ಸಿಕ್ಕಿಕೊಂಡಿದ್ದವು. ೨೦೧೬ರ ನವೆಂಬರಿನಲ್ಲಿ ಕೆಲವೇ ದಿನಗಳ ಅಂತರದಲ್ಲಿ ಕೀಲಾ ಮತ್ತು ಅದರ ತಾಯಿ ಅರೋರಾ ಎರಡೂ ಸತ್ತವು. ಯಾವುದೋ ವಿಷಪದಾರ್ಥವೇ ಕಾರಣವೆಂದು ವಿಚಾರಣೆಯಿಂದ ನಿರ್ಣಯವಾಯಿತು. ೨೦೧೮ರ ಜನವರಿಯಲ್ಲಿ ಆ ಮತ್ಸ್ಯಾಲಯವು ಇನ್ನು ಮುಂದೆ ತಿಮಿಂಗಿಲಗಳನ್ನು ಇಡುವುದಿಲ್ಲವೆಂದು ಪ್ರಕಟಿಸಿತು.

ಸಂಯುಕ್ತ ಸಂಸ್ಥಾನಗಳಲ್ಲಿಯೂ ಸುಖದುಃಖಗಳು ಬೆರೆತೇ ಬಂದವು. ೧೯೯೪ರಲ್ಲಿ ನ್ಯೂಯಾರ್ಕ್ ಮತ್ಸ್ಯಾಲಯದಲ್ಲಿ ಹುಟ್ಟಿದ ಮಾರಿಸ್ ಎಂಬ ಹೆಣ್ಣು ಬೆಳೆದು ದೊಡ್ಡದಾಗಿ, ೨೦೦೫ರಲ್ಲಿ ತೆರೆದ ಅಟ್ಲಾಂಟದ ಜಾರ್ಜಿಯ ಮತ್ಸ್ಯಾಲಯವನ್ನು ಸೇರಿತು. ಅಲ್ಲಿ ಅದು ೨೦೧೨ರಲ್ಲಿಯೂ ೨೦೧೫ರಲ್ಲಿಯೂ ಹೆತ್ತ ಎರಡು ಮರಿಗಳೂ ಬದುಕಲಿಲ್ಲ. ೨೦೧೫ರ ಅಕ್ಟೋಬರಿನಲ್ಲಿ ತಾಯಿಯೂ ಸತ್ತಿತು. ಅದೇ ಮತ್ಸ್ಯಾಲಯದಲ್ಲಿ ೨೦೨೦ರ ಮೇ ತಿಂಗಳಿನಲ್ಲಿ ಬೇರೊಂದು ಹೆಣ್ಣಿಗೆ ಆರೋಗ್ಯವಂತವಾದ ಮರಿಯು ಹುಟ್ಟಿತು. ರಕ್ತಸಂಬಂಧಿಗಳ ಕೂಟವನ್ನು ತಪ್ಪಿಸುವುದಕ್ಕಾಗಿ ಮತ್ಸ್ಯಾಲಯಗಳು ಗಂಡುಹೆಣ್ಣುಗಳನ್ನು ಒಂದಕ್ಕೊಂದು ಎರವಲು ಕೊಟ್ಟವು. ಕೃತಕ ಗರ್ಭಧಾರಣೆಯನ್ನೂ ಸಾಧಿಸಿದವು. ಪ್ರಯತ್ನದಲ್ಲಿ ಶ್ರದ್ಧೆಯ ಕೊರತೆಯಿದ್ದಿತೆಂದು ಹೇಳಲಾಗದು.

೫

ಈ ಸೆರೆವಾಸದಿಂದ ಶಾಸ್ತ್ರಜ್ಞಾನವು ಬೆಳೆಯಿತೆಂಬುದು ನಿಜ. ಪ್ರಸವ, ಸ್ತನ್ಯಪಾನ, ಶ್ರವಣಶಕ್ತಿ ಮೊದಲಾದುವನ್ನು ಹತ್ತಿರದಿಂದ ನೋಡುವುದಕ್ಕೆ ಅವಕಾಶವಾದುದು ತೊಟ್ಟಿಗಳಲ್ಲಿಯೇ. ಸಂಯುಕ್ತ ಸಂಸ್ಥಾನಗಳ ನೌಕಾದಳದ ವಶದಲ್ಲಿದ್ದ ನಾಕ್ ಎಂಬ ಬೆಲೂಗವು ಮನುಷ್ಯರ ಮಾತಿನ ಧಾಟಿಯನ್ನು ಅನುಕರಿಸುತ್ತಿದ್ದ ಸಂಗತಿಯನ್ನು ೨೦೧೨ರಲ್ಲಿ ಸ್ಯಾಮ್ ರಿಜ್‌ವೇ ಮೊದಲಾದ ವಿದ್ವಾಂಸರು ಪ್ರಕಟಿಸಿದರು.

ಆದರೆ ಜ್ಞಾನವು ಬೆಳೆದಂತೆ ಸೆರೆವಾಸವನ್ನು ಅಳೆಯುವ ಅಳತೆಗೋಲೂ ಬದಲಾಯಿತು. ಬೆಲೂಗದ ವಯಸ್ಸನ್ನು ಅದರ ಹಲ್ಲಿನಲ್ಲಿ ಮರದ ಉಂಗುರಗಳಂತೆ ಕಾಣುವ ಪದರಗಳಿಂದ ಎಣಿಸುತ್ತಾರೆ. ವರ್ಷಕ್ಕೆ ಎರಡು ಪದರಗಳು ಬೆಳೆಯುತ್ತವೆಂದು ಬಹುಕಾಲ ನಂಬಿದ್ದರು. ಅಣುಬಾಂಬುಗಳ ಪರೀಕ್ಷೆಯಿಂದ ಸಮುದ್ರವನ್ನು ಸೇರಿದ ವಿಕಿರಣಶೀಲ ಇಂಗಾಲದ ಗುರುತನ್ನು ಹಲ್ಲುಗಳಲ್ಲಿ ಹುಡುಕಿದ ಶೋಧನೆಯೊಂದು ೨೦೦೬ರಲ್ಲಿ ಪ್ರಕಟವಾಗಿ, ವರ್ಷಕ್ಕೆ ಬೆಳೆಯುವುದು ಒಂದೇ ಪದರವೆಂದು ತೋರಿಸಿಕೊಟ್ಟಿತು. ಇದರಿಂದ ಸಮುದ್ರದ ಬೆಲೂಗದ ವಯಸ್ಸು ಒಮ್ಮೆಗೇ ಇಮ್ಮಡಿಯಾಯಿತು; ಮೂವತ್ತು ವರ್ಷದ್ದೆಂದು ಎಣಿಸಿದ್ದ ಪ್ರಾಣಿಯು ಅರವತ್ತರದಾಯಿತು. ಇಪ್ಪತ್ತೈದು ವರ್ಷ ಬದುಕಿದ ತೊಟ್ಟಿಯ ಬೆಲೂಗವನ್ನು ಪೂರ್ಣಾಯುಷಿಯೆಂದು ಹೇಳುವುದಕ್ಕೆ ಅಲ್ಲಿಂದ ಮುಂದೆ ಆಧಾರವಿಲ್ಲದಂತಾಯಿತು.

೬

ಸಂತಾನದಿಂದ ಸ್ವಾವಲಂಬನೆಯು ಕೈಗೂಡಲಿಲ್ಲವೆಂಬುದಕ್ಕೆ ಮತ್ಸ್ಯಾಲಯಗಳ ಮಾತೇ ಪ್ರಬಲವಾದ ಸಾಕ್ಷಿ. ೨೦೧೨ರಲ್ಲಿ ಜಾರ್ಜಿಯ ಮತ್ಸ್ಯಾಲಯವು, ರಷ್ಯದ ಓಖೋಟ್ಸ್ಕ್ ಸಮುದ್ರದಲ್ಲಿ ೨೦೦೬, ೨೦೧೦, ೨೦೧೧ರಲ್ಲಿ ಹಿಡಿದಿದ್ದ ೧೮ ಬೆಲೂಗಗಳನ್ನು ತರಲು ಅಪ್ಪಣೆ ಬೇಡಿತು. ಉತ್ತರ ಅಮೆರಿಕೆಯ ಸೆರೆಯ ಹಿಂಡನ್ನು ತನ್ನಷ್ಟಕ್ಕೆ ತಾನೇ ನಿಲ್ಲುವಷ್ಟು ದೊಡ್ಡದಾಗಿ ಮಾಡುವುದೇ ಉದ್ದೇಶವೆಂದು ಅರ್ಜಿಯಲ್ಲಿ ಹೇಳಿತ್ತು. ಅಂದರೆ ಇದ್ದ ಹಿಂಡಿನ ಸಂತಾನವು ಅದಕ್ಕೆ ಸಾಲದೆಂದು ಒಪ್ಪಿದಂತೆಯೇ ಆಯಿತು.

ರಾಷ್ಟ್ರೀಯ ಸಾಗರ ಮೀನುಗಾರಿಕಾ ಇಲಾಖೆಯು ೨೦೧೩ರಲ್ಲಿ ಆ ಅರ್ಜಿಯನ್ನು ತಿರಸ್ಕರಿಸಿತು. ಸಮುದ್ರದ ಮೂಲಹಿಂಡಿಗೆ ಹಾನಿಯಿಲ್ಲವೆಂಬುದು ಸಿದ್ಧವಾಗಿಲ್ಲ. ಈ ಆಮದಿನಿಂದ ಇನ್ನಷ್ಟು ಪ್ರಾಣಿಗಳನ್ನು ಹಿಡಿಯುವುದಕ್ಕೆ ಪ್ರೇರಣೆಯಾಗಬಹುದು. ಐದು ಪ್ರಾಣಿಗಳು ಹಿಡಿಯುವಾಗ ಇನ್ನೂ ಹಾಲುಕುಡಿಯುವ ವಯಸ್ಸಿನವಾಗಿದ್ದಿರಬಹುದು ಎಂಬ ಮೂರು ಕಾರಣಗಳನ್ನು ಅದು ಕೊಟ್ಟಿತು. ಮೂರನೆಯ ಕಾರಣವು ವಿಶೇಷವಾಗಿ ಗಮನಾರ್ಹ. ಮರಿಯು ತಾಯಿಯನ್ನು ಎಷ್ಟು ಕಾಲ ಆಶ್ರಯಿಸಿರುತ್ತದೆಂಬುದು ತೊಟ್ಟಿಗಳಲ್ಲಿ ಹುಟ್ಟಿದ ಮರಿಗಳಲ್ಲಿಯೂ ಪ್ರತ್ಯಕ್ಷವಾಗಿ ಕಂಡಿದ್ದ ವಿಷಯ. ೨೦೧೫ರಲ್ಲಿ ಅಟ್ಲಾಂಟದ ನ್ಯಾಯಾಲಯವು ಇಲಾಖೆಯ ತೀರ್ಮಾನವನ್ನು ಎತ್ತಿಹಿಡಿಯಿತು. ಮತ್ಸ್ಯಾಲಯವು ಮೇಲ್ಮನವಿಗೆ ಹೋಗಲಿಲ್ಲ.

ಕೆನಡದಲ್ಲಿ ಶಾಸನವು ಇನ್ನೂ ಮುಂದೆ ನಡೆಯಿತು. ನಯಾಗರ ಜಲಪಾತದ ಬಳಿಯ ಮರೈನ್‌ಲ್ಯಾಂಡ್ ಎಂಬ ವಿನೋದೋದ್ಯಾನವು ರಷ್ಯದಿಂದ ತರಿಸಿದ ಬೆಲೂಗಗಳಿಂದಲೂ ಅವುಗಳ ಸಂತಾನದಿಂದಲೂ ಬಹು ದೊಡ್ಡ ಹಿಂಡನ್ನು ಹೊಂದಿತ್ತು. ೨೦೧೯ರ ಜೂನ್ ತಿಂಗಳಿನಲ್ಲಿ ಅಂಗೀಕೃತವಾದ ಶಾಸನವು ತಿಮಿಂಗಿಲಗಳನ್ನೂ ಡಾಲ್ಫಿನ್‌ಗಳನ್ನೂ ಹೊಸದಾಗಿ ಸೆರೆಯಲ್ಲಿಡುವುದನ್ನೂ ಅವುಗಳ ಸಂತಾನವನ್ನು ಬೆಳೆಸುವುದನ್ನೂ ಅಪರಾಧವೆಂದು ವಿಧಿಸಿ, ಆಗಲೇ ಇದ್ದವನ್ನು ಮಾತ್ರ ಉಳಿಸಿಕೊಳ್ಳಗೊಟ್ಟಿತು. ೨೦೨೧ರಲ್ಲಿ ಐದು ಬೆಲೂಗಗಳು ಅಲ್ಲಿಂದ ಸಂಯುಕ್ತ ಸಂಸ್ಥಾನಗಳ ಮಿಸ್ಟಿಕ್ ಮತ್ಸ್ಯಾಲಯಕ್ಕೆ ಹೋದವು. ಅವುಗಳಿಂದ ಸಂತಾನವನ್ನು ಪಡೆಯಕೂಡದೆಂಬುದು ಅಪ್ಪಣೆಯ ನಿಬಂಧನೆಗಳಲ್ಲಿ ಒಂದು. ಒಂದು ಬೆಲೂಗವು ಅದೇ ವರ್ಷ ಸತ್ತಿತು. ಮುಂದೆ ಇನ್ನೆರಡು ಸತ್ತವು. ಮರೈನ್‌ಲ್ಯಾಂಡಿನಲ್ಲಿ ಉಳಿದಿದ್ದ ೩೦ ಬೆಲೂಗಗಳನ್ನು ಚೀನಾದೇಶಕ್ಕೆ ಕಳುಹಿಸಲು ಕೇಳಿದ ಅಪ್ಪಣೆಯನ್ನು ಕೆನಡದ ಮಂತ್ರಿಯು ೨೦೨೫ರ ಅಕ್ಟೋಬರಿನಲ್ಲಿ ನಿರಾಕರಿಸಿದರು. ಅವುಗಳನ್ನು ಸಾಕಲು ಹಣವಿಲ್ಲವೆಂದು ಉದ್ಯಾನದವರು ದೂರಿದರು.

ಈ ಪ್ರಾಣಿಯನ್ನು ಜೀವಸಹಿತ ಇಡುವುದು ಹೇಗೆಂಬುದು ಬಾರ್ನಮನ ಕಾಲದ ಪ್ರಶ್ನೆಯಾಗಿತ್ತು. ಶುದ್ಧವಾದ ಉಪ್ಪುನೀರೂ ವೈದ್ಯವೂ ಅದಕ್ಕೆ ತಕ್ಕಮಟ್ಟಿಗೆ ಉತ್ತರವನ್ನು ಕೊಟ್ಟವು. ಸಮುದ್ರದಿಂದ ತರದೆ ಹಿಂಡನ್ನು ಉಳಿಸುವುದು ಹೇಗೆಂಬ ಅನಂತರದ ಪ್ರಶ್ನೆಗೆ, ನಾಲ್ಕು ದಶಕಗಳ ಪ್ರಯತ್ನದ ಮೇಲೆಯೂ, ತುಂಬಿದ ಉತ್ತರವು ದೊರೆಯಲಿಲ್ಲ. ತೊಟ್ಟಿಯಲ್ಲಿಯೇ ಹುಟ್ಟಿ ಸಮುದ್ರವನ್ನು ಎಂದೂ ಕಾಣದ ಪ್ರಾಣಿಯನ್ನು ಒಮ್ಮೆಗೇ ಸಮುದ್ರಕ್ಕೆ ಬಿಡುವಂತಿಲ್ಲ. ಸಂತಾನವನ್ನು ನಿಲ್ಲಿಸಿದ ಮಾತ್ರಕ್ಕೆ ಅದರ ಜೀವಿತವು ಮುಗಿಯುವುದೂ ಇಲ್ಲ. ಹಲ್ಲಿನ ಪದರಗಳ ಲೆಕ್ಕವು ಸರಿಯಾಗಿದ್ದರೆ, ಇಂದಿನ ಎಳೆಯ ಬೆಲೂಗಗಳಲ್ಲಿ ಕೆಲವು ಇನ್ನೂ ಐವತ್ತು ವರ್ಷ ಬದುಕಬಹುದು. ಅಷ್ಟು ಕಾಲವೂ ಅವುಗಳಿಗೆ ಆಹಾರವನ್ನೂ ನೀರನ್ನೂ ವೈದ್ಯವನ್ನೂ ಒದಗಿಸುವ ಹೊಣೆಯು, ಅವುಗಳ ಪೂರ್ವಿಕರನ್ನು ನದೀಮುಖಗಳಿಂದ ಹಿಡಿದು ತಂದ ಸಮಾಜದ್ದೇ ಆಗಿದೆ.